ಕೆಲಾಯ್ಡ್ ಆಪರೇಷನ್: ಮೊದಲು ರೇಡಿಯೇಷನ್ ತಾರೀಕು, ಆಮೇಲೆ ಕತ್ತರಿ

ಗಾಯದ ಗಡಿಯೊಳಗೇ ಉಬ್ಬಿ ನಿಂತ ಕಲೆ ಕೆಲಾಯ್ಡ್ ಅಲ್ಲ, ಕಾಲಕ್ರಮದಲ್ಲಿ ತಾನೇ ಇಳಿಯಬಹುದು. ಗಡಿ ದಾಟಿ ಒಳ್ಳೆಯ ಚರ್ಮಕ್ಕೂ ಹಬ್ಬಿದ್ದು ಕೆಲಾಯ್ಡ್. ಬುಗುಡಿಗೆ ಚುಚ್ಚಿಸಿದ ಕಿವಿ, ಮೊಡವೆ ಒಡೆದ ಎದೆ, ಭುಜ, ಸಿಜೇರಿಯನ್ ಹೊಲಿಗೆ ಇದರ ಖಾಯಂ ಜಾಗಗಳು. ಬರೀ ಕತ್ತರಿಸಿ ಹೊಲಿದರೆ ಸುಮಾರು ಅರ್ಧ ಮಂದಿಗೆ, ಎಷ್ಟೋ ಕಡೆ ಅದಕ್ಕೂ ಹೆಚ್ಚಿನವರಿಗೆ, ಮರಳಿ ಬರುತ್ತದೆ. ಹೊಸ ಹೊಲಿಗೆಯೂ ಗಾಯವೇ ತಾನೇ.

ಹಾಗೆ ಬರದಿರಲೆಂದು ಕೊಡುವುದು ರೇಡಿಯೇಷನ್, ನಮ್ಮ ಕಡೆಯ ಮಾತಿನಲ್ಲಿ ‘ಕರೆಂಟ್’. ಗಾಯ ಮಾಯುವಾಗ ವೇಗವಾಗಿ ಹೆಚ್ಚುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು, ಅಂದರೆ ಕಲೆಯ ನಾರು ಕಟ್ಟುವ ಕೋಶಗಳನ್ನು, ಅದು ತಡೆಯುತ್ತದೆ. ಆದ್ದರಿಂದ ಮೊದಲ ಡೋಸ್ ಆಪರೇಷನ್ ಆದ ಮೇಲೆ ಆದಷ್ಟೂ 24 ಗಂಟೆಯೊಳಗೆ ಬೀಳಬೇಕು. ಎಡವಟ್ಟಾಗುವುದು ಇಲ್ಲೇ. ಜಮಖಂಡಿಯಲ್ಲೋ ಇಂಡಿಯಲ್ಲೋ ಶನಿವಾರ ಆಪರೇಷನ್ ಮಾಡಿಸಿಕೊಂಡು, ಹೊಲಿಗೆ ಬಿಚ್ಚಿದ ಮೇಲೆ ಚೀಟಿ ಹಿಡಿದು ರೇಡಿಯೇಷನ್‌ಗೆಂದು ಬೆಳಗಾವಿಗೆ ಹೋದರೆ ಹೊತ್ತು ಮೀರಿರುತ್ತದೆ. ರೇಡಿಯೇಷನ್ ವೈದ್ಯರನ್ನು ಆಪರೇಷನ್‌ಗೆ ಮೊದಲೇ ಕಂಡು ತಾರೀಕು ಬರೆಸಿಕೊಳ್ಳಿ. ಸೋಮವಾರ ಅಥವಾ ಮಂಗಳವಾರ ಕತ್ತರಿ ಹಾಕಿಸಿದರೆ ಭಾನುವಾರದ ರಜೆ ಅಡ್ಡ ಬರುವುದಿಲ್ಲ. ಅಮಾವಾಸ್ಯೆ ನೋಡುವವರು ಅದನ್ನೂ ಆಗಲೇ ಲೆಕ್ಕ ಹಾಕಿಬಿಡಿ, ಕೊನೆ ಗಳಿಗೆಯಲ್ಲಿ ತಾರೀಕು ಜಗ್ಗುವುದು ಬೇಡ.

ಯಂತ್ರದಲ್ಲಿ ಎಲೆಕ್ಟ್ರಾನ್ ಕಿರಣ ಇದೆಯೇ ಎಂದೂ ಕೇಳಿ. ಅದು ಚರ್ಮದಿಂದ ಆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಹಳೆಯ ಕೋಬಾಲ್ಟ್ ಯಂತ್ರದಲ್ಲಿ ಈ ಕಿರಣ ಸಿಗದು. ಸಾಮಾನ್ಯವಾಗಿ 6 ಎಂಇವಿ (ಕಿರಣದ ಶಕ್ತಿಯ ಅಳತೆ) ಸಾಕು. ಆದರೆ ಅದರ ಪೂರ್ತಿ ಡೋಸ್ ತೀರ ಮೇಲ್ಚರ್ಮದಲ್ಲಿ ಬೀಳುವುದಿಲ್ಲವಾದ್ದರಿಂದ ಹೊಲಿಗೆಯ ಮೇಲೆ ಅರ್ಧದಿಂದ 1 ಸೆಂ.ಮೀ. ದಪ್ಪದ ಬೋಲಸ್ ಹಾಳೆ, ಅಂದರೆ ಚರ್ಮದಂತೆಯೇ ಕಿರಣ ಹೀರುವ ಮೆತ್ತನೆಯ ಹಾಳೆ, ಹಾಸುತ್ತಾರೆ. ಹಾಳೆಯ ಕೆಳಗೆ ಗಾಳಿ ಉಳಿದರೆ ಡೋಸ್ ಏರುಪೇರಾಗುತ್ತದೆ, ಆದ್ದರಿಂದ ದಪ್ಪ ಡ್ರೆಸಿಂಗ್ ತೆಗೆಸುತ್ತಾರೆ. ಹೊಲಿಗೆಯ ಸುತ್ತ ಸುಮಾರು 1 ಸೆಂ.ಮೀ. ಅಂಚು ಸೇರಿಸಿ, ಉಳಿದದ್ದನ್ನು ಸೀಸದಿಂದ ಮುಚ್ಚುತ್ತಾರೆ.

ಡೋಸ್ ಎಲ್ಲ ಜಾಗಕ್ಕೂ ಒಂದೇ ಅಲ್ಲ. ಬಹಳ ಕಡೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಕಿವಿಯ ಹಾಲೆಗೆ 2 ದಿನದಲ್ಲಿ 10 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ಚರ್ಮ ಸದಾ ಜಗ್ಗುವ ಎದೆ, ಭುಜ, ಕೆಳಹೊಟ್ಟೆಗೆ 4 ದಿನದಲ್ಲಿ 20 ಗ್ರೇ, ಉಳಿದ ಕಡೆ 3 ದಿನದಲ್ಲಿ 15. ಒಂದೊಂದು ಸರದಿ ಕೆಲವೇ ನಿಮಿಷದ್ದು, ನೋವಿಲ್ಲ. ಕ್ಯಾನ್ಸರ್ ವಿಭಾಗದಲ್ಲಿ ಕೂರಿಸಿದರೆಂದು ಮನೆಯವರು ಗಾಬರಿಯಾಗುತ್ತಾರೆ. ಯಂತ್ರ ಇರುವುದು ಅಲ್ಲಿ, ಅಷ್ಟೇ; ಕೆಲಾಯ್ಡ್ ಕ್ಯಾನ್ಸರ್ ಅಲ್ಲ.

ಗರ್ಭಿಣಿಯರಿಗೆ ಇದು ಬೇಡ. ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ರೇಡಿಯೇಷನ್‌ನಿಂದ ಮುಂದೆಂದೋ ಕ್ಯಾನ್ಸರ್ ಬರುವ ಸಾಧ್ಯತೆ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ. ಥೈರಾಯ್ಡ್, ಸ್ತನದ ಹತ್ತಿರ ಇನ್ನಷ್ಟು ಯೋಚಿಸಬೇಕು. ಕಿವಿಯಲ್ಲಿ ಮೊದಲ ಬಾರಿ ಬಂದ ಸಣ್ಣ ಗಂಟಿಗೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಒತ್ತುವ ಕ್ಲಿಪ್ ನೋಡದೆ ನೇರ ಇದಕ್ಕೆ ಬರುವುದು ಅವಸರವೇ.

ಆಮೇಲೆ ಆ ಜಾಗ ಕೆಂಪಾಗಿ, ನಮ್ಮ ಮೈಬಣ್ಣಕ್ಕೆ ಕಪ್ಪು ಪಟ್ಟೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು. ಹೊಲಿಗೆ ಮಾಯುವುದು ತುಸು ತಡವಾದರೆ ಬೇಗ ಬಿಚ್ಚಿಸಲು ಹೋಗಬೇಡಿ, ಬಾಯಿ ಬಿಟ್ಟುಕೊಳ್ಳುತ್ತದೆ. ಪೂರ್ತಿ ಮಾಯ್ದ ಮೇಲೆ ಸಿಲಿಕೋನ್ ಹಾಳೆಯನ್ನು ದಿನಕ್ಕೆ 12 ಗಂಟೆಗೂ ಹೆಚ್ಚು, ಕೆಲವು ತಿಂಗಳು ಹಾಕಬೇಕು. ಆರು ತಿಂಗಳು ಏನೂ ಆಗದಿದ್ದರೆ ಗೆದ್ದೆವೆಂದುಕೊಳ್ಳಬೇಡಿ, ಕನಿಷ್ಠ 2 ವರ್ಷ ತೋರಿಸುತ್ತಿರಬೇಕು. ತುರಿಕೆ ಶುರುವಾಗಿ ಹೊಲಿಗೆಯ ಒಂದು ತುದಿ ಗಟ್ಟಿಯಾಯಿತೆಂದರೆ ಆ ವಾರವೇ ಹೋಗಿ. ಗಂಟು ಚಿಕ್ಕದಿರುವಾಗ ಇಂಜೆಕ್ಷನ್ನಿಗೆ ಬಗ್ಗುತ್ತದೆ.