‘ಇಂಡಕ್ಷನ್‌ಗೆ ಆಗ್ತದಾ?’

‘ಇದು ಇಂಡಕ್ಷನ್‌ಗೆ ಆಗ್ತದಾ?’ ಅಂತ ದಿನಕ್ಕೆ ಇಪ್ಪತ್ತು ಸಲವಾದರೂ ಯಾರಾದರೊಬ್ಬರು ಕೇಳುತ್ತಾರೆ. ಅದಕ್ಕೇ ನನ್ನ ಏಪ್ರನ್ ಜೇಬಿನಲ್ಲಿ ಯಾವಾಗಲೂ ಒಂದು ಅಯಸ್ಕಾಂತ ಇರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವಂಥದ್ದು, ಯಕ್ಷಗಾನದ ಕಿರೀಟದ ಆಕಾರ. ಉಜ್ಜಿ ಉಜ್ಜಿ ಒಂದು ಬದಿಯ ಕೆಂಪು ಬಣ್ಣ ಹೋಗಿದೆ. ಪಾತ್ರೆಯ ತಳಕ್ಕೆ ಹಿಡಿದಾಗ ಟಪ್ಪೆಂದು ಅಂಟಿದರೆ ‘ಆಗ್ತದೆ ಅಮ್ಮ’, ಜಾರಿದರೆ ‘ಇದು ಗ್ಯಾಸಿಗೆ ಮಾತ್ರ’. ಹತ್ತು ಸೆಕೆಂಡಿನ ಕೆಲಸ, ಅಷ್ಟರಲ್ಲಿ ಬಿಲ್ಲೂ ಆಗಿರುತ್ತದೆ. ಮಂಗಳೂರಿನ ಈ ಪಾತ್ರೆ ಅಂಗಡಿಯಲ್ಲಿ ಒಂಬತ್ತು ವರ್ಷ ನಾನು ಹೀಗೇ ಹೇಳಿಕೊಂಡು ಬಂದೆ. ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ನಡೆದದ್ದನ್ನು ಬರೆಯಬೇಕು ಅಂತ ಎಷ್ಟೋ ಸಲ ಕೂತು ಎದ್ದಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ.

ಆಟಿ ಅಂದರೆ ನಮ್ಮ ಲೈನಿನವರಿಗೆ ಕಷ್ಟದ ತಿಂಗಳು. ಮದುವೆ ಇಲ್ಲ, ಮನೆ ಒಕ್ಕಲಿಲ್ಲ, ಉಡುಗೊರೆ ಕೊಡುವ ಪ್ರಸಂಗವೇ ಇಲ್ಲ. ಹೊರಗೆ ಮಳೆ ಬಿಡುವುದಿಲ್ಲ. ಫ್ಲೋರಿನಲ್ಲಿ ನಾವು ನಾವೇ ಮುಖ ಮುಖ ನೋಡಿಕೊಂಡು ಸ್ಟಾಕ್ ಒರೆಸುತ್ತಿರುತ್ತೇವೆ. ಹಾಗಾಗಿ ಅಂಗಡಿಗೆ ಜನ ಬರಿಸಲು ಡೆಮೊ ಇಡಿ ಅಂತ ಮೇಲಿನಿಂದ ಒತ್ತಡ. ಡೆಮೊ ನನಗೆ ಹೊಸತಲ್ಲ, ಇಷ್ಟದ ಕೆಲಸವೂ ಹೌದು. ಅದರ ಹಿಂದಿನ ವರ್ಷ ಮಾಡಿದ ಕುಕ್ಕರ್ ಕ್ಲಾಸಿಗೆ ಜನ ನಿಂತುಕೊಂಡು ಕೇಳಿದ್ದರು. ಮುಚ್ಚಳ ಹಾಕುವ ಮುಂಚೆ ಆವಿ ಹೋಗುವ ವೆಂಟನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದಾ ನೋಡಬೇಕು. ಯಾವ ಅಡುಗೆಯಾದರೂ ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ತುಂಬಬಾರದು, ಬೇಳೆ, ಕುಚ್ಚಲಕ್ಕಿಯಂಥ ಉಬ್ಬುವ, ನೊರೆ ಬರುವ ಪದಾರ್ಥವಾದರೆ ಅರ್ಧಕ್ಕೇ ನಿಲ್ಲಿಸಬೇಕು. ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಮೈದಾಹಿಟ್ಟು ಮೆತ್ತಿ ದಿನ ದೂಡಬಾರದು. 2021ರ ಫೆಬ್ರವರಿಯಿಂದ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತೆಯೇ ಇಲ್ಲ, ಜಾತ್ರೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಇಷ್ಟನ್ನು ಕೇಳಿಕೊಂಡು ಹೋದವರು ಮರುವಾರ ಮನೆಯ ಹಳೇ ಕುಕ್ಕರಿನ ಮುಚ್ಚಳವನ್ನೇ ಚೀಲದಲ್ಲಿ ಹಾಕಿಕೊಂಡು ಬಂದು ‘ಇದಕ್ಕೆ ಸರಿಯಾದ ಗ್ಯಾಸ್ಕೆಟ್ ಕೊಡಿ’ ಅಂದಿದ್ದರು. ಆ ಖುಷಿಯಲ್ಲೇ ಇದ್ದೆ ನಾನು.

ಈ ಸಲ ಹೆಡ್ ಆಫೀಸಿನಿಂದಲೇ ಕಾಂಬೋ ಬಂತು: ಹನ್ನೆರಡು ಇಂಚಿನ ಬೀಡಿನ (ಎರಕದ ಕಬ್ಬಿಣದ) ಕಾವಲಿ, ಎರಡು ಸಾವಿರ ವಾಟಿನ ಇಂಡಕ್ಷನ್ ಸ್ಟವ್, ಜೊತೆಗೊಂದು ಮರದ ಸಟ್ಟುಗ. ನೀರುದೋಸೆ ಮಾಡಿ ತೋರಿಸಬೇಕು. ನಮ್ಮ ಊರಲ್ಲಿ ನೀರುದೋಸೆ ಮಾಡಿ ತೋರಿಸುವುದೆಂದರೆ ಪರೀಕ್ಷೆಗೆ ಕೂತ ಹಾಗೆ, ಎದುರಿಗೆ ಕೂರುವ ಪ್ರತಿಯೊಬ್ಬರೂ ಪರೀಕ್ಷಕರೇ. ಅದು ಗೊತ್ತಿದ್ದೇ ಮೊದಲೇ ಕಾವಲಿ ಮನೆಗೆ ಒಯ್ದಿದ್ದೆ. ಅದನ್ನು ಮೂರು ದಿನದಿಂದ ಪಳಗಿಸಿದ್ದೆ ಕೂಡ. ಗಂಜಿತಿಳಿಯಲ್ಲಿ ನೆನೆಹಾಕಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿ ಆರಿಸಿ, ಅರ್ಧ ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಅದ್ದಿ ಉಜ್ಜಿ. ಮನೆಯಲ್ಲಿ ಮೊದಲ ದೋಸೆಯೇ ಎದ್ದು ಬಂತು. ಮೈತುಂಬ ತೂತು, ಅಂಚು ತೆಳ್ಳಗೆ. ಮಗ ಆರು ತಿಂದ.

ಆದರೆ ಮನೆಯಲ್ಲಿ ನಾನು ಮಾಡಿದ್ದು ಗ್ಯಾಸಿನಲ್ಲಿ. ನಮ್ಮ ಕಾಂಪ್ಲೆಕ್ಸಿನ ಒಳಗೆ ಸಿಲಿಂಡರ್ ಬಿಡುವುದಿಲ್ಲ, ಡೆಮೊ ಇಂಡಕ್ಷನ್ನಿನಲ್ಲೇ ಅಂತ ಗೊತ್ತಿತ್ತು. ಆ ಸ್ಟವ್ವಿನ ಮೇಲೆ ಆ ಕಾವಲಿಯನ್ನು ಒಂದು ಸಲವೂ ಇಟ್ಟು ನೋಡಿರಲಿಲ್ಲ. ಅಯಸ್ಕಾಂತ ಅಂಟಿದೆಯಲ್ಲ, ಇನ್ನೇನು ನೋಡುವುದು ಅನ್ನುವ ಧೈರ್ಯ. ಅಷ್ಟು ಹೊತ್ತಿಗೆ ಆ ಕಾಂಬೋ ಹನ್ನೊಂದು ಹೋಗಿತ್ತು, ಅದರಲ್ಲಿ ಎಂಟು ನನ್ನದೇ ಬಿಲ್ಲು.

ಶನಿವಾರ ಸಂಜೆ ನಾಲ್ಕಕ್ಕೆ ಶುರು ಅಂತ ಹಾಕಿದ್ದು. ಮಳೆ ಇದ್ದರೂ ಮೂವತ್ತೈದು ಜನ ಬಂದರು. ಎದುರಿನ ಸಾಲಲ್ಲಿ ಮಕ್ಕಳು, ಹಿಂದೆ ಅಮ್ಮಂದಿರು, ಬದಿಯ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಮ್ಮ, ಮಡಿಲಲ್ಲಿ ಒದ್ದೆ ಕೊಡೆ. ಸ್ಟವ್ ಹಾಕಿದ್ದೇ ತಡ, ಟ್ರಿಪ್ ಆಯಿತು. ಡಿಸ್‌ಪ್ಲೇ ಟೇಬಲ್ಲಿಗೆ ಎಳೆದಿದ್ದು ಆರು ಆಂಪಿನ ಎಕ್ಸ್‌ಟೆನ್ಷನ್, ಎರಡು ಸಾವಿರ ವಾಟಿಗೆ ಎಂಟೂವರೆ ಆಂಪಿಗಿಂತ ಜಾಸ್ತಿ ಬೇಕು. ಈ ಟೇಬಲ್ಲಿಗೆ ಹದಿನಾರು ಆಂಪಿನ ಪಾಯಿಂಟ್ ಕೊಡಿ ಅಂತ ಎರಡು ವರ್ಷದಿಂದ ಬರೆಯುತ್ತಿದ್ದೇವೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಗೋಡೌನಿನ ಅಣ್ಣ ಓಡಿ ಪ್ಯಾಂಟ್ರಿಯಿಂದ ಲೈನ್ ಎಳೆದು ತಂದರು. ಅಷ್ಟರಲ್ಲಿ ನಾಲ್ಕೂ ಇಪ್ಪತ್ತು. ಮಕ್ಕಳು ‘ಆಂಟಿ, ದೋಸೆ ಯಾವಾಗ?’ ಅಂತ ಶುರು ಮಾಡಿದರು. ಐದಕ್ಕೆ ಲಕ್ಕಿ ಡ್ರಾ ಅಂತ ಮ್ಯಾನೇಜರ್ ಕೈಗಡಿಯಾರ ತೋರಿಸುತ್ತಿದ್ದರು.

ಕಾವಲಿ ಇಟ್ಟೆ. ಮನೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿದವಳು ಇಲ್ಲಿ ಮೂರನೇ ನಿಮಿಷಕ್ಕೇ ಹಿಟ್ಟು ಕದಡಿ ಒಂದು ಸೌಟು ಹೊಯ್ದೆ. ನಡುವೆ ಸರ್ರೆಂದಿತು. ಮುಚ್ಚಳ ತೆಗೆದಾಗ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ: ಊಟದ ತಟ್ಟೆಗಿಂತ ಚಿಕ್ಕ ಒಂದು ವೃತ್ತ, ಅಷ್ಟೇ ಅಗಲಕ್ಕೆ ದೋಸೆ ಕಂದುಬಣ್ಣಕ್ಕೆ ತಿರುಗಿ ಹಿಡಿದುಕೊಂಡಿದೆ. ಅದರ ಸುತ್ತ ಎರಡು ಬೆರಳು ಅಗಲ ಹಿಟ್ಟು ಹಸಿ ಹಸಿ, ಹಾಲಿನ ಹಾಗೆ ಬೆಳ್ಳಗೆ. ಸಟ್ಟುಗ ಹಾಕಿದರೆ ನಡು ಚೂರುಚೂರಾಗಿ ಎದ್ದಿತು, ಅಂಚು ಮುದ್ದೆಯಾಯಿತು.

ಬದಿಯಲ್ಲಿ ಕೂತ ಅಮ್ಮ ಮೆಲ್ಲಗೆ ಹೇಳಿದರು, “ಬದಿ ಬಿಸಿಯಾಗ್ಲಿಲ್ಲ ಮಗಾ. ಸ್ವಲ್ಪ ತೆಗೆದಿಡು. ಬೀಡು ಅವಸರ ತಡೀಲಿಕ್ಕಿಲ್ಲ.”

ನಾನು ಅವರ ಮುಖ ಸರಿಯಾಗಿ ನೋಡಲೂ ಇಲ್ಲ. “ಒಂದೇ ನಿಮಿಷ ಅಮ್ಮ, ಈಗ ಬಿಸಿಯಾಗ್ತದೆ” ಅಂತ ಬಟನ್ ಒತ್ತಿ ಒತ್ತಿ ಎರಡು ಸಾವಿರಕ್ಕೇ ಏರಿಸಿದೆ. ಬದಿ ಕಾಯಬೇಕಾದರೆ ಇನ್ನಷ್ಟು ಉರಿ ಬೇಕು ಅನ್ನುವ ಲೆಕ್ಕ ನನ್ನದು. ನಡುವಿನಿಂದ ಹೊಗೆ ಏಳತೊಡಗಿತು. ಎಣ್ಣೆಯ ಕಮಟು ವಾಸನೆ. ಹೊಗೆ ಬಂದರೆ ಕಾದಿದೆ ಅಂತಲೇ ಅರ್ಥ ಮಾಡಿಕೊಂಡು, ಫ್ರಿಜ್ಜಿನಿಂದ ತೆಗೆದು ಇನ್ನೂ ತಣ್ಣಗಿದ್ದ ಹಿಟ್ಟನ್ನು ನೀರುದೋಸೆಗೆ ಹೊಯ್ಯುವ ಕ್ರಮದಲ್ಲೇ ಅಂಚಿನಿಂದ ಸುತ್ತಲೂ ಹೊಯ್ದೆ.

ಟಣ್.

ದೇವಸ್ಥಾನದಲ್ಲಿ ಗಂಟೆ ಹೊಡೆದ ಹಾಗೆ, ಅಷ್ಟು ಚೊಕ್ಕ ಸದ್ದು. ಅರೆಗಳಿಗೆ ಯಾರಿಗೂ ಏನಾಯಿತು ಅಂತ ತಿಳಿಯಲಿಲ್ಲ. ಅಂಚಿನಿಂದ ಕೂದಲೆಳೆಯಷ್ಟು ಕಪ್ಪು ಗೆರೆ ನಡುವಿನ ತನಕ ಬಂದಿತ್ತು. ನೋಡುತ್ತಿದ್ದ ಹಾಗೇ ಆ ಗೆರೆಯಲ್ಲಿ ಹಿಟ್ಟು ಇಳಿಯಿತು, ಕೆಳಗಿನ ಗಾಜಿನ ಮೇಲೆ ಚುಂಯ್ ಅಂತ ಸುಟ್ಟಿತು, ಸ್ಟವ್ ಪೀಂ ಪೀಂ ಅಂತ ಹೊಡೆದುಕೊಳ್ಳತೊಡಗಿತು. ಎದುರಿನ ಸಾಲಿನ ಮಕ್ಕಳು ಎದ್ದು ಇನ್ನೂ ಹತ್ತಿರ ಬಂದರು. ಆ ಹೊತ್ತಿಗೆ ನನ್ನ ಜೀವ ಬಾಯಿಗೆ ಬಂತು. ಮೂರು ಕೆಜಿಯ ಕಾದ ಬೀಡು, ಪೂರ್ತಿ ಎರಡು ಹೋಳಾಗಿ ಟೇಬಲ್ಲಿನಿಂದ ಜಾರಿದರೆ? ಒಂದು ಕೈಯಲ್ಲಿ ಮಕ್ಕಳನ್ನು ಹಿಂದಕ್ಕೆ ತಳ್ಳಿ ಇನ್ನೊಂದು ಕೈಯಲ್ಲಿ ಪ್ಲಗ್ ಕಿತ್ತೆ.

ಆಮೇಲೆ ನಾನು ಮಾಡಿದ್ದು ಕಾವಲಿ ಒಡೆದದ್ದಕ್ಕಿಂತ ಜಾಸ್ತಿ ನೋಯಿಸುತ್ತದೆ. ಯಾರೂ ಕೇಳುವ ಮೊದಲೇ, ನಗುನಗುತ್ತಾ, “ಪೀಸ್ ಡಿಫೆಕ್ಟ್ ಇರ್ಬೇಕು, ನಿಮಗೆ ಬೇರೆ ತೋರಿಸ್ತೇನೆ” ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಆ ಅಮ್ಮ ನನ್ನನ್ನೇ ನೋಡಿದರು. ಏನೂ ಅನ್ನಲಿಲ್ಲ. ಕೊಡೆ ತೆಗೆದುಕೊಂಡು ಎದ್ದು ಲಿಫ್ಟಿನ ಕಡೆ ಹೋದರು. ಲಕ್ಕಿ ಡ್ರಾಗೂ ನಿಲ್ಲಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಒಡೆದ ಕಾವಲಿಯನ್ನು ತೊಳೆದು ತಿರುವಿ ಹಾಕಿ ನೋಡಿದೆ. ತಳದಲ್ಲಿ ಎಣ್ಣೆ ಸುಟ್ಟ ಗುರುತು ದುಂಡಗೆ ಒಂದು ಗೇಣು ಅಗಲಕ್ಕಿತ್ತು, ಸ್ಟವ್ವಿನ ಕಾಯಿಲ್ ಎಷ್ಟಿದೆಯೋ ಅಷ್ಟೇ. ಗ್ಯಾಸಿನ ಉರಿಯಾದರೆ ತಳವನ್ನು ನೆಕ್ಕಿಕೊಂಡು ಅಂಚಿನ ಕಡೆಗೂ ಹೋಗುತ್ತದೆ. ಇಂಡಕ್ಷನ್ನಿನಲ್ಲಿ ಉರಿಯೇ ಇಲ್ಲ, ಕಾಯಿಲ್ಲಿನ ನೇರಕ್ಕೆ ಇರುವ ಲೋಹವಷ್ಟೇ ಕಾಯುವುದು, ಉಳಿದದ್ದಕ್ಕೆ ಬಿಸಿ ಲೋಹದೊಳಗಿಂದಲೇ ಹರಿದು ಬರಬೇಕು. ಬೀಡು ಅದರಲ್ಲಿ ನಿಧಾನ, ಅಲ್ಯೂಮಿನಿಯಂ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಬಿಸಿ ಹರಡುತ್ತದೆ. ಕಾದ ನಡು ಹಿಗ್ಗುತ್ತದೆ, ತಣ್ಣಗಿನ ಅಂಚು ಹಿಗ್ಗುವುದಿಲ್ಲ. ನಡು ಅಂಚನ್ನು ಜಗ್ಗುತ್ತದೆ. ಬೀಡಿನಲ್ಲಿ ಇಂಗಾಲ ಶೇ 2ರಿಂದ 4ರ ತನಕ ಇರುವುದರಿಂದ ಅದು ಜಗ್ಗಿದರೆ ಬಗ್ಗುವುದಿಲ್ಲ, ಬಿರಿಯುತ್ತದೆ. ಹಾಗೆ ಬಿಗಿದುಕೊಂಡು ನಿಂತಿದ್ದ ಅಂಚಿಗೇ ನಾನು ಫ್ರಿಜ್ಜಿನ ತಣ್ಣನೆ ಹಿಟ್ಟು ಸುರಿದಿದ್ದೆ. ಪೀಸಿನಲ್ಲಿ ಡಿಫೆಕ್ಟ್ ಇರಲಿಲ್ಲ.

ಅಯಸ್ಕಾಂತ ಸುಳ್ಳು ಹೇಳಿರಲಿಲ್ಲ. ಅದು ಹೇಳುವುದು ಕಾಯುತ್ತದೆ ಅಂತ ಮಾತ್ರ. ಹೇಗೆ ಕಾಯಿಸಬೇಕು ಅನ್ನುವುದು ನಾವು ಹೇಳಬೇಕಾದ ಮಾತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಡಬ್ಬಿಯ ಮೇಲೆ ‘ಇಂಡಕ್ಷನ್ ಬೇಸ್’ ಅಂತ ದಪ್ಪ ಅಕ್ಷರ. ಒಳಗಿನ ಚೀಟಿ ಇಂಗ್ಲಿಷ್, ಹಿಂದಿಯಲ್ಲಿ. ಅದರಲ್ಲೂ ಸಣ್ಣ ಅಕ್ಷರದ ಒಂಬತ್ತನೇ ಸಾಲಿನಲ್ಲಿ ನಿಧಾನಕ್ಕೆ ಬಿಸಿ ಮಾಡಿ ಅಂತ ಇದೆ. ನಮ್ಮ ಗಿರಾಕಿಗಳಲ್ಲಿ ಅದನ್ನು ಓದುವವರು ಯಾರು? ನಾನೇ ಓದಿರಲಿಲ್ಲ.

ರಾತ್ರಿ ಗ್ರೂಪಿನಲ್ಲಿ ಮೇಲಿನವರ ಮೆಸೇಜು ಬಂತು: ಡಿಫೆಕ್ಟ್ ಪೀಸ್ ಅಂತ ಹೇಳಿ ಮುಗಿಸಿ, ವಿಡಿಯೋ ಇದ್ದರೆ ಡಿಲೀಟ್ ಮಾಡಿಸಿ, ಕಾಂಬೋ ಟಾರ್ಗೆಟ್ ಹಾಗೇ ಇರಲಿ. ನನಗೆ ನಿದ್ದೆ ಬರಲಿಲ್ಲ. ಹನ್ನೊಂದು ಮನೆ. ಯಾವ ಅಡುಗೆಮನೆಯಲ್ಲಿ ಯಾವ ಮಗು ಎದುರಿಗೆ ನಿಂತಿದೆಯೋ.

ಭಾನುವಾರ ಬೆಳಿಗ್ಗೆ ಬಿಲ್ಲಿಂಗಿನ ಹುಡುಗನಿಂದ ನಂಬರ್ ತೆಗೆಸಿ ಫೋನ್ ಮಾಡಲು ಕೂತೆ. ಅವನು ‘ಅಕ್ಕ, ಸರ್‌ಗೆ ಗೊತ್ತಾದ್ರೆ?’ ಅಂದ, ಆದರೂ ಪ್ರಿಂಟ್ ಕೊಟ್ಟ. ಎಲ್ಲರಿಗೂ ಹೇಳಿದ್ದು ಇದನ್ನೇ: ಈ ಕಾವಲಿಯನ್ನು ಆದಷ್ಟು ಗ್ಯಾಸಿನಲ್ಲೇ ಇಡಿ. ಇಂಡಕ್ಷನ್ನೇ ಗತಿಯಾದರೆ ತೀರಾ ಕಡಿಮೆಗೆ ಇಟ್ಟು ಕಾಲು ಗಂಟೆ ಬಿಡಿ, ಆಗಾಗ ತಿರುಗಿಸಿ, ಅಂಚಿನ ಮೇಲೆ ಕೈ ಅಡ್ಡ ಹಿಡಿದರೆ ಶಾಖ ತಾಗಬೇಕು. ಕೆಲವು ಸ್ಟವ್ ಕಡಿಮೆಗೆ ಇಟ್ಟರೂ ಪೂರ್ತಿ ಶಕ್ತಿಯಲ್ಲಿ ಹತ್ತಿ, ಆರಿ, ಮತ್ತೆ ಹತ್ತುತ್ತದೆ. ನಿಮ್ಮದು ಹಾಗಿದ್ದರೆ ನಡುನಡುವೆ ನೀವೇ ಆರಿಸಿ. ಫ್ರಿಜ್ಜಿನ ಹಿಟ್ಟನ್ನು ಮೊದಲೇ ಹೊರಗಿಡಿ. ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಕೆಲವರು ಥ್ಯಾಂಕ್ಸ್ ಅಂದರು, ಒಬ್ಬರು ‘ಮಾರುವಾಗ ಹೇಳ್ಬೇಕಿತ್ತಲ್ಲ ಮಾರಾಯ್ರೆ’ ಅಂತ ಬೈದರು. ಬೈದದ್ದು ಸರಿಯೇ.

ಏಳನೆಯದು ಸುರತ್ಕಲ್ಲಿನ ನಂಬರ್. ಸಣ್ಣ ಪ್ರಾಯದ ದನಿ. ನಾನು ಅರ್ಧ ಹೇಳುವಷ್ಟರಲ್ಲಿ ಆಚೆಯಿಂದ, “ಒಡೆದು ನಾಲ್ಕು ದಿನ ಆಯ್ತು ಅಕ್ಕ” ಅಂದರು. ಯಾಕೆ ಅಂಗಡಿಗೆ ತರಲಿಲ್ಲ ಅಂತ ಕೇಳಿದೆ. “ಬಿಲ್ಲಲ್ಲಿ ಬೀಡಿನ ಐಟಂ ವಾಪಸ್ ಇಲ್ಲ ಅಂತ ಉಂಟಲ್ಲ. ಮತ್ತೆ, ನನ್ನ ಕೈಯಿಂದಲೇ ಹೋದದ್ದು ಅಂದ್ಕೊಂಡೆ. ಅತ್ತೆ ಹಾಗೇ ಹೇಳಿದ್ರು, ನಲವತ್ತು ವರ್ಷ ಬೀಡಿನ ಕಾವಲಿಯಲ್ಲಿ ದೋಸೆ ಹೊಯ್ದಿದ್ದೇನೆ, ಒಂದೂ ಒಡೀಲಿಲ್ಲ ಅಂತ. ಹಿತ್ತಿಲಲ್ಲಿ ಗೋಡೆಗೆ ಒರಗಿಸಿಟ್ಟಿದ್ದೇನೆ.”

ಬಿಲ್ ನಂಬರ್ ನೋಡಿದೆ. ನಾನೇ ಹಾಕಿಸಿದ ಬಿಲ್ಲು. ಆ ಹುಡುಗಿ ‘ಇಂಡಕ್ಷನ್‌ಗೆ ಆಗ್ತದಾ?’ ಅಂತ ಕೇಳಿಯೇ ಕೇಳಿರುತ್ತಾರೆ. ನಾನು ಜೇಬಿನಿಂದ ಕಿರೀಟ ತೆಗೆದು ಅಂಟಿಸಿ ತೋರಿಸಿಯೇ ಇರುತ್ತೇನೆ.

ಕಾವಲಿ ಬದಲಾಯಿಸಿಕೊಡಲು ಹದಿನೆಂಟು ದಿನ ಮೇಲಿನವರ ಹತ್ತಿರ ಜಗಳ ಮಾಡಬೇಕಾಯಿತು, ಕೊನೆಗೆ ಡಿಸ್‌ಪ್ಲೇ ಡ್ಯಾಮೇಜಿನಲ್ಲಿ ತೋರಿಸಿ ಒಪ್ಪಿಸಿದೆ. ಕನ್ನಡದಲ್ಲಿ ಚೀಟಿ ಅಚ್ಚು ಹಾಕಿಸಿ ಅಂತ ಕಳಿಸಿದ ಇಮೇಲಿಗೆ ಇನ್ನೂ ಉತ್ತರ ಇಲ್ಲ. ನಾವೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿ ಪ್ರತಿ ಡಬ್ಬಿಗೆ ಹಾಕುತ್ತಿದ್ದೇವೆ. ಆ ವಯಸ್ಸಾದ ಅಮ್ಮ ಮತ್ತೆ ಅಂಗಡಿಗೆ ಬಂದಿಲ್ಲ. ಅವರ ಬಿಲ್ಲೂ ಇಲ್ಲ, ನಂಬರೂ ಇಲ್ಲ.

ಆ ಭಾನುವಾರ ಫೋನಿನಲ್ಲಿ ನಾನು ಸುರತ್ಕಲ್ಲಿನ ಹುಡುಗಿಗೆ ನಡು ಹಿಗ್ಗುವುದು, ಅಂಚು ಜಗ್ಗುವುದು ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಕ್ಕ, ಅತ್ತೆ ಇಲ್ಲೇ ಇದ್ದಾರೆ. ಇದನ್ನೇ ಒಂದ್ಸಲ ಅವರಿಗೆ ಹೇಳ್ತೀರಾ?” ಅಂತ ಕೇಳಿದರು.

“ಕೊಡಿ” ಅಂದೆ. ಫೋನ್ ಕೈ ಬದಲಾಯಿತು. “ಅಮ್ಮ, ನಾನು ಪಾತ್ರೆ ಅಂಗಡಿಯಿಂದ. ಕಾವಲಿ ಒಡೆದದ್ದು ನಿಮ್ಮ ಸೊಸೆಯ ಕೈಯಿಂದ ಅಲ್ಲ. ಕೊಡುವಾಗ ನಾನು ಸರಿಯಾಗಿ ಹೇಳಿರಲಿಲ್ಲ” ಅಂದೆ.