ಜಕ್ಕೂರಿನಿಂದ ಬಜ್ಪೆಗೆ, ಕುರ್ಚಿ ಬಿಟ್ಟೇಳದೆ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಹವ್ಯಾಸವನ್ನು ನಾನು ಬಿಟ್ಟಾಗ ನಡೆಯುತ್ತಿದ್ದದ್ದು ಎಫ್‌ಎಸ್‌ಎಕ್ಸ್, ಅಂದರೆ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಕಾಲ. ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು. 32 ಬಿಟ್ ಪ್ರೋಗ್ರಾಂ, ಎಷ್ಟು ರ‍್ಯಾಮ್ ಹಾಕಿದರೂ 4 ಜಿಬಿ ದಾಟಿ ಬಳಸುತ್ತಿರಲಿಲ್ಲ. ಆಡ್‌ಆನ್ (ಮೇಲಿಂದ ಸೇರಿಸಿಕೊಳ್ಳುವ ವಿಮಾನ, ನಿಲ್ದಾಣಗಳು) ಜಾಸ್ತಿಯಾದರೆ ಸರಿಯಾಗಿ ಇಳಿಯುವ ಹೊತ್ತಿಗೇ ಮೆಮೊರಿ ಸಾಲದು ಅಂತ ಕೈಕೊಡುತ್ತಿತ್ತು. ದೇವನಹಳ್ಳಿ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಹಾಗಾಗಿ ಅದರಲ್ಲಿ ಬೆಂಗಳೂರು ಅಂದರೆ ಎಚ್‌ಎಎಲ್ ಮಾತ್ರ. ಊರು ದಾಟಿದರೆ ಎಲ್ಲಾ ಕಡೆ ಅದೇ ಹಸಿರು, ಅದೇ ಕಂದು. ಹಾಸನ ಯಾವುದು, ತುಮಕೂರು ಯಾವುದು ಅಂತ ಮೇಲಿನಿಂದ ಹೇಳೋಕೆ ಆಗುತ್ತಿರಲಿಲ್ಲ.

ಈಗ ಹೊಸ ಕಂಪ್ಯೂಟರ್ ಬಂದಿದೆ. ರೈಝನ್ 7 7800ಎಕ್ಸ್3ಡಿ ಪ್ರೊಸೆಸರ್, 32 ಜಿಬಿ ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 4070 ಕಾರ್ಡ್. ಇದೇ ಪ್ರೊಸೆಸರ್ ಯಾಕೆ ಅಂದರೆ, ಅದರಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಅಂದರೆ ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ. ಸಿಮ್ಯುಲೇಟರ್‌ನ ಹೆಚ್ಚಿನ ಹೊರೆ ಇವತ್ತಿಗೂ ಪ್ರೊಸೆಸರ್‌ನ ಒಂದೇ ಥ್ರೆಡ್ (ಒಂದಾದ ಮೇಲೊಂದು ನಡೆಯುವ ಕೆಲಸದ ಸಾಲು) ಮೇಲೆ ಬೀಳುತ್ತದೆ. ಅಲ್ಲಿ ದೊಡ್ಡ ಕ್ಯಾಶ್ ಇದ್ದರೆ ತುಂಬಾ ಉಪಕಾರ. ಹಾಕಿಕೊಂಡದ್ದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024. ಎಕ್ಸ್-ಪ್ಲೇನ್ 12 ಕೂಡ ನೋಡಿದೆ. ಹಾರುವ ಅನುಭವ ಅದರಲ್ಲೇ ಚೆನ್ನ ಅಂತ ನನಗನ್ನಿಸಿತು. ಆದರೆ ನನಗೆ ಬೇಕಿದ್ದದ್ದು ಕೆಳಗಿನ ನೆಲ.

ಸೆಟ್ಟಿಂಗ್ ವಿಷಯ ಚುಟುಕಾಗಿ. ಡೆವಲಪರ್ ಮೋಡ್‌ನಲ್ಲಿ ಫ್ರೇಮ್ ಲೆಕ್ಕ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಅನ್ನುವುದು) ತೆರೆದಿಟ್ಟರೆ ಯಾವುದು ತಡೆಯುತ್ತಿದೆ ಅಂತ ಅದೇ ತೋರಿಸುತ್ತದೆ. ಮೇನ್ ಥ್ರೆಡ್ ಅಂದರೆ ಟೆರೇನ್ ಡೀಟೇಲ್, ಅಂದರೆ ನೆಲದ ವಿವರ, ಇಳಿಸಬೇಕು. ಗ್ರಾಫಿಕ್ಸ್ ಕಾರ್ಡ್ ಅಂದರೆ ಮೋಡ, ನೆರಳು ಇಳಿಸಬೇಕು. ಎಲ್ಲವನ್ನೂ ಒಟ್ಟಿಗೆ ಅಲ್ಟ್ರಾಗೆ ತಳ್ಳುವುದು ಸುಮ್ನೆ ಚಪಲ. ನೆಲದ ಚಿತ್ರವೆಲ್ಲ ಇಂಟರ್‌ನೆಟ್‌ನಿಂದ ಹರಿದು ಬರುವುದರಿಂದ ಒಮ್ಮೆ ಬಂದದ್ದನ್ನು ಉಳಿಸಿಡಲು ಎಸ್‌ಎಸ್‌ಡಿಯಲ್ಲಿ ಕ್ಯಾಶ್‌ಗೆ ಧಾರಾಳವಾಗಿ ಜಾಗ ಕೊಟ್ಟಿದ್ದೇನೆ. ನಮ್ಮ ಏರಿಯಾದಲ್ಲಿ ಸಂಜೆ ಹೊತ್ತು ನೆಟ್ ಎಳೆದಾಡುತ್ತದೆ. ಆಗ ಊರುಗಳೆಲ್ಲ ಕರಗಿದ ಮೇಣದ ಹಾಗೆ ಕಾಣುತ್ತವೆ.

ಹಳೇ ಜಾಯ್‌ಸ್ಟಿಕ್‌ನಲ್ಲಿ ಹಿಡಿ ಎತ್ತ ವಾಲಿದೆ ಅಂತ ಅಳೆಯುವ ಪೊಟೆನ್ಷಿಯೋಮೀಟರ್ ಸವೆದಿತ್ತು. ಕೈ ಬಿಟ್ಟರೂ ವಿಮಾನ ಒಂದು ಪಕ್ಕಕ್ಕೆ ವಾಲುತ್ತಿತ್ತು. ಬದಲಿಗೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ ತಂದೆ. ಅದರಲ್ಲಿ ಹಿಡಿಯನ್ನು ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವುದನ್ನು ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇದೆ, ಅಲ್ಲಿ ಉಜ್ಜಿ ಸವೆಯುವ ಭಾಗವಿಲ್ಲ. ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲ್ ಸದ್ಯಕ್ಕಿಲ್ಲ, ಹಿಡಿ ತಿರುಚಿಯೇ ನಡೆಯುತ್ತಿದೆ. ಟೇಕಾಫ್‌ನಲ್ಲಿ ಸೆಸ್ನಾ ಅನ್ನುವ ಪುಟ್ಟ ವಿಮಾನ ಎಡಕ್ಕೆ ಎಳೆಯುತ್ತದಲ್ಲ, ಅದನ್ನು ಮಣಿಕಟ್ಟಿನಲ್ಲೇ ಸಂಭಾಳಿಸುವುದು ಸ್ವಲ್ಪ ಕಿರಿಕಿರಿ.

ಇನ್ನು ಹಾರಾಟ. ಬೆಂಗಳೂರಿನ ಜಕ್ಕೂರಿನಿಂದ ಮಂಗಳೂರಿನ ಬಜ್ಪೆಗೆ ಸೆಸ್ನಾ 172ರಲ್ಲಿ, ಜಿಪಿಎಸ್ ಮುಚ್ಚಿಟ್ಟು, ನೆಲ ನೋಡಿಕೊಂಡೇ ಹೋಗುವುದು ಅಂತ ಯೋಜನೆ. ನೇರ ದೂರ ಸುಮಾರು 300 ಕಿ.ಮೀ., ಒಂದೂವರೆ ಗಂಟೆಯ ದಾರಿ. ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವುದು ಜಕ್ಕೂರಿನಲ್ಲೇ, ಹಾಗಾಗಿ ಶುರು ಮಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಅನ್ನಿಸಿತು.

ಬೆಂಗಳೂರು ಇರುವುದೇ ಸುಮಾರು 3,000 ಅಡಿ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿ ಬಿಸಿಲಿಟ್ಟುಕೊಂಡು ಲೆಕ್ಕ ಹಾಕಿ. ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ಎಂಜಿನ್‌ಗೂ ರೆಕ್ಕೆಗೂ ತಾವು 6,000 ಅಡಿಯಲ್ಲಿದ್ದ ಹಾಗೆ. ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುವುದು ಇದನ್ನೇ. ಜಕ್ಕೂರಿನ ಪುಟ್ಟ ರನ್‌ವೇಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಇದರ ಬಿಸಿ ತಟ್ಟುತ್ತದೆ. ಮಿಕ್ಸ್ಚರ್ ನಾಬ್ ಸ್ವಲ್ಪ ಹೊರಗೆಳೆದು ಪೆಟ್ರೋಲ್ ಕಡಿಮೆ ಮಾಡಿದರೆ ಎಂಜಿನ್ ಚೇತರಿಸಿಕೊಳ್ಳುತ್ತದೆ. ಮುಂಜಾನೆ ಹೊರಟರೆ ಇನ್ನೂ ಸಲೀಸು.

6,500 ಅಡಿ ಹಿಡಿದೆ. ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಂಖ್ಯೆಯ ಸಾವಿರದ ಮೇಲೆ 500, ಅದು ನಿಯಮ. ಕೆಳಗೆ ರಾಷ್ಟ್ರೀಯ ಹೆದ್ದಾರಿ 75. ನೆಲಮಂಗಲ, ಕುಣಿಗಲ್, ಹಾಸನ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಂಡ ಊರುಗಳು ಈಗ ಸಾಲಾಗಿ ಬರುತ್ತವೆ. ಕುಣಿಗಲ್ ಕೆರೆ ತಪ್ಪಿಸಿಕೊಳ್ಳುವ ಹಾಗೇ ಇಲ್ಲ. ಎಡಗಡೆ ಶ್ರವಣಬೆಳಗೊಳದ ಬೆಟ್ಟ, ಆಮೇಲೆ ಗೊರೂರಿನ ಹೇಮಾವತಿ ಜಲಾಶಯ. ದಾರಿ ಸರಿಯಾಗಿದೆ ಅನ್ನುವುದಕ್ಕೆ ಇಷ್ಟು ಸಾಕು. ಕಟ್ಟಡಗಳ ವಿಷಯ ಮಾತ್ರ ಕೇಳಬೇಡಿ, ಕಲ್ಯಾಣ ಮಂಟಪವೂ ಗೋದಾಮೂ ಒಂದೇ ಡಬ್ಬಿ.

ಸಕಲೇಶಪುರ ದಾಟಿದ ಮೇಲಿನದು ಇಡೀ ಹಾರಾಟದ ಸಾರ. ಅಲ್ಲಿಯವರೆಗೆ ನೆಲ ನಿಮ್ಮಿಂದ ಮೂರೂವರೆ ಸಾವಿರ ಅಡಿ ಕೆಳಗಿರುತ್ತದೆ. ಶಿರಾಡಿ ಘಾಟಿಯಲ್ಲಿ ಒಮ್ಮೆಲೇ ಕೆಳಕ್ಕೆ ಹೋಗುತ್ತದೆ. ಆಲ್ಟಿಮೀಟರ್ ಮುಳ್ಳು ಅಲುಗಿಲ್ಲ, ಆದರೂ ವಿಮಾನ ಮೇಲಕ್ಕೇರಿದ ಹಾಗೆ ಅನ್ನಿಸುತ್ತದೆ. ಬಲಗಡೆ ದೂರದಲ್ಲಿ ಕುದುರೆಮುಖ, 1,894 ಮೀಟರ್, ಅಂದರೆ ಸುಮಾರು 6,200 ಅಡಿ. ಹೆಚ್ಚುಕಡಿಮೆ ನಮ್ಮ ಮಟ್ಟದಲ್ಲೇ. ಹಳೇ ಎಫ್‌ಎಸ್‌ಎಕ್ಸ್‌ನಲ್ಲಿ ಘಟ್ಟ ಅಂದರೆ ಒಂದಷ್ಟು ಮೊಂಡು ದಿಬ್ಬಗಳು. ಇಲ್ಲಿ ಕಣಿವೆ ಕಣಿವೆಯಾಗಿಯೇ ಇದೆ. ನಾನು ದುಡ್ಡು ಕೊಟ್ಟದ್ದು ಇದಕ್ಕೇ ಅಂತ ಆಗ ಗೊತ್ತಾಯಿತು.

ಘಟ್ಟ ಇಳಿದ ಮೇಲೆ ನೇತ್ರಾವತಿ ಹಿಡಿದು ಬಂಟ್ವಾಳ. ನಿಮಿಷಕ್ಕೆ 500 ಅಡಿಯಂತೆ ಇಳಿಸುತ್ತಾ ಬಂದರೆ ಬಜ್ಪೆ ಮುಟ್ಟುವಷ್ಟರಲ್ಲಿ ಆರಾಮಾಗಿ ತಗ್ಗುತ್ತೇವೆ. ಬಜ್ಪೆಯ ರನ್‌ವೇ 2,450 ಮೀಟರ್, ಸೆಸ್ನಾಗೆ ಅದರ ಕಾಲು ಭಾಗವೂ ಬೇಕಿಲ್ಲ. ಆದರೆ ಅದು ಟೇಬಲ್‌ಟಾಪ್, ಅಂದರೆ ಗುಡ್ಡದ ತಲೆಯ ಮೇಲಿರುವ ರನ್‌ವೇ. ರನ್‌ವೇಯ ಮುಂಚೆ ನೆಲ ಆಳಕ್ಕಿಳಿದಿರುವುದರಿಂದ ನಾವೆಷ್ಟು ಎತ್ತರದಲ್ಲಿದ್ದೇವೆ ಅಂತ ಕಣ್ಣು ನಂಬಿ ಹೇಳುವಂತಿಲ್ಲ. ಇಳಿಯುವ ಕೋನ ಸರಿಯಿದೆಯೇ ಅಂತ ತೋರಿಸುವ, ರನ್‌ವೇ ಪಕ್ಕದ ಪಿಎಪಿಐ (ಪಾಪಿ) ದೀಪ ನೋಡಬೇಕು: ಎರಡು ಬಿಳಿ, ಎರಡು ಕೆಂಪು ಇದ್ದರೆ ಸರಿ. 65 ನಾಟ್ ವೇಗ ಬಿಗಿ ಹಿಡಿದು, ರನ್‌ವೇ 24ಕ್ಕೆ ಇಳಿದೆ. ಚಕ್ರ ಒಂಚೂರು ಕುಪ್ಪಳಿಸಿತು, ಪರವಾಗಿಲ್ಲ.

ಮುಂದಿನದು ಇದೇ ದಾರಿ, ಜುಲೈನಲ್ಲಿ, ಲೈವ್ ವೆದರ್ (ಆ ಹೊತ್ತಿನ ನಿಜ ಹವಾಮಾನ) ಹಾಕಿಕೊಂಡು. ಪಶ್ಚಿಮದ ಮಳೆಗಾಳಿ ಘಟ್ಟ ಹತ್ತಿ ಪೂರ್ವಕ್ಕೆ ಇಳಿಯುವ ಕಡೆ ವಿಮಾನವನ್ನೂ ಕೆಳಕ್ಕೆಳೆಯುತ್ತದೆ. ಸಕಲೇಶಪುರದ ಹತ್ತಿರ ಎದುರುಗಾಳಿ ಬೇರೆ. ಅದಕ್ಕೆ 8,500 ಅಡಿ ಬೇಕಾಗಬಹುದು. ಮೋಡ ಅದಕ್ಕಿಂತ ಕೆಳಗಿದ್ದರೆ ಹಾಸನದಲ್ಲೇ ತಿರುಗಿ ವಾಪಸ್. ಅಷ್ಟರೊಳಗೆ ಪೆಡಲ್ ತಗೊಳ್ಳಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು.