ಮೂರನೇ ರೌಂಡಿನಲ್ಲಿ ಕೈ ಇಳಿಯುವುದು ಏಕೆ?

"ನಮ್ಮ ಹುಡುಗನಿಗೆ ಹಟ ಭಯಂಕರ ಉಂಟು ಸರ್, ಬಾಕ್ಸಿಂಗಿಗೆ ಆಗ್ತದಾ?" ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ, ಮಕ್ಕಳನ್ನು ಸೇರಿಸಲು ಬರುವ ಅಪ್ಪ-ಅಮ್ಮಂದಿರ ಮೊದಲ ಪ್ರಶ್ನೆ ಇದು. ಕಾಲೇಜು ಹುಡುಗರು ಅದನ್ನೇ ಬೇರೆ ಥರ ಕೇಳುತ್ತಾರೆ: ಕಸುಬಿಗಿಂತ (ಕಲಿತ ಕೌಶಲಕ್ಕಿಂತ) ಛಲ ದೊಡ್ಡದು ಅಂತ ಮೊಹಮ್ಮದ್ ಅಲಿಯೇ ಹೇಳಿದ್ದಾನಂತಲ್ಲ? ಅಲಿಯ ಹೆಸರಿನಲ್ಲಿ ಆ ಮಾತು ಎಷ್ಟೋ ಜಿಮ್ಮುಗಳ ಗೋಡೆ ಮೇಲೆ ಇದೆ, ನಿಜ. ಆದರೆ ಗ್ಯಾಲರಿಯಲ್ಲಿ ಕೂತವರು ಛಲ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಕಸುಬು ಮತ್ತು ದಮ್ಮು ಎಂಬುದು ನನ್ನ ಅಭಿಪ್ರಾಯ. ಉಳಿದ ಕಾಲು ಪಾಲು ಛಲವೇ ಸರಿ, ಅದರ ಕೆಲಸ ಎಲ್ಲಿ ಎಂದು ಮುಂದೆ ಹೇಳುತ್ತೇನೆ.

ಹವ್ಯಾಸಿ ಬಾಕ್ಸಿಂಗಿನಲ್ಲಿ ಹಿರಿಯರ (ಸೀನಿಯರ್) ಪಂದ್ಯ ಎಂದರೆ ತಲಾ 3 ನಿಮಿಷದ 3 ರೌಂಡು, ನಡುವೆ 1 ನಿಮಿಷ ವಿಶ್ರಾಂತಿ. ಒಟ್ಟು ಗುದ್ದಾಟ ಬರೇ 9 ನಿಮಿಷ. ಇಷ್ಟರಲ್ಲಿ ಎಂತ ಸುಸ್ತು ಎಂದು ಕೇಳುವವರು ಒಮ್ಮೆ ಬ್ಯಾಗಿಗೆ ಪೂರ್ತಿ ಜೋರಿನಲ್ಲಿ 15 ಸೆಕೆಂಡು ಗುದ್ದಿ ನೋಡಬೇಕು. ಸ್ನಾಯುವಿನಲ್ಲಿ ಕೂಡಲೇ ಸಿಗುವ ಶಕ್ತಿ ಸುಮಾರು 10 ಸೆಕೆಂಡಿಗೆ ಮುಗಿಯುತ್ತದೆ; ಅದು ಪೂರ್ತಿ ತುಂಬಿಕೊಳ್ಳಲು ಕೆಲವು ನಿಮಿಷ ಬೇಕು, ಸ್ಟೂಲಿನ ಮೇಲೆ ಸಿಗುವುದು ಒಂದೇ ನಿಮಿಷ. ಮೊದಲ ರೌಂಡಿನಲ್ಲೇ ಅಂಕದ (ಕಾಳಗದ) ಕೋಳಿಯ ಹಾಗೆ ಎಗರಿದವನು ಮೂರನೆಯದರಲ್ಲಿ ಕೈ ಎತ್ತಲಾಗದೆ ನಿಂತಿರುತ್ತಾನೆ. ಆಗ ಗ್ಯಾಲರಿಯಿಂದ ಬೊಬ್ಬೆ: "ಎಂತ ಮಾರಾಯ, ಧೈರ್ಯ ಇಲ್ವಾ, ಹೊಡಿ!" (ಕೋಳಿ ಅಂಕದಲ್ಲೂ ಬಲ್ಲವರು ಕೋಳಿಯ ರೋಷಕ್ಕಿಂತ ಮೊದಲು ಕಾಲಿಗೆ ಕತ್ತಿ ಕಟ್ಟಿದ ರೀತಿ ನೋಡುತ್ತಾರೆ.)

ಕೈ ಇಳಿಯಲು ಕಾರಣ ಒಂದೇ ಅಲ್ಲ, ಪತ್ತೆ ಹಚ್ಚುವುದು ಕಷ್ಟವೂ ಅಲ್ಲ. ಮೂರೂ ರೌಂಡನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಬಲಗೈ ಕೆನ್ನೆ ಬಿಟ್ಟು ಇಳಿಯುವ ಮೊದಲ ಕ್ಷಣ ಯಾವುದು ಎಂದು ಬರೆದುಕೊಳ್ಳಿ. ಮೊದಲ ರೌಂಡಿನ ಮೊದಲ ಜ್ಯಾಬಿಗೇ (ಮುಂದಿನ ಕೈಯ ಚುರುಕು ನೇರ ಗುದ್ದಿಗೇ) ಇಳಿದರೆ ಅದು ಕಸುಬಿನ ದೋಷ. ಎಷ್ಟು ಓಡಿಸಿದರೂ ಸರಿಯಾಗುವುದಿಲ್ಲ. ಎರಡನೆಯ ರೌಂಡಿನ ನಡುವಿನಿಂದ ಇಳಿಯಲು ಶುರುವಾದರೆ ದಮ್ಮಿನ ಕೊರತೆ, ಅಥವಾ ಉಸಿರು ಕಟ್ಟಿಕೊಂಡು ಗುದ್ದುವ ಚಾಳಿ. ಬ್ಯಾಗಿನಲ್ಲಿ, ಕೋಚ್ ಕೈಯಲ್ಲಿ ಹಿಡಿಯುವ ಪ್ಯಾಡಿನಲ್ಲಿ ಸರಿಯಾಗಿದ್ದು ಎದುರಾಳಿ ಬಂದಾಗ ಮಾತ್ರ ಕೆಟ್ಟರೆ ಅದು ಅಂಜಿಕೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೂರಕ್ಕೂ "ಛಲ ಇಲ್ಲ" ಎಂದು ಒಂದೇ ಹಣೆಪಟ್ಟಿ ಹಚ್ಚುವ ಕೋಚುಗಳೇ ಹೆಚ್ಚು, ಅದೇ ಬೇಸರ.

ಮೊದಲನೆಯದಕ್ಕೆ ಚರಿತ್ರೆಯಲ್ಲೇ ಉದಾಹರಣೆ ಇದೆ. 1936ರ ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಎದುರು ಇಳಿಯುವವರೆಗೆ ಅಮೆರಿಕದ ಬಾಕ್ಸರ್ ಜೋ ಲೂಯಿಸ್ ವೃತ್ತಿಪರನಾಗಿ ಸೋತೇ ಇರಲಿಲ್ಲ. ಆದರೆ ಜ್ಯಾಬ್ ಹಾಕಿದ ಮೇಲೆ ಅವನ ಎಡಗೈ ಕೆಳಗೆ ಜಾರಿ ವಾಪಸ್ ಬರುವುದನ್ನು ಶ್ಮೆಲಿಂಗ್ ಮೊದಲೇ ನೋಡಿಟ್ಟುಕೊಂಡಿದ್ದ. ಆ ಕೈಯ ಮೇಲಿಂದಲೇ ತನ್ನ ಬಲಗೈ ಕಳಿಸಿದ. ನಾಲ್ಕನೇ ರೌಂಡಿನಲ್ಲಿ ಲೂಯಿಸ್ ಬಿದ್ದ, ಎದ್ದ, ಮತ್ತೆ ಎಂಟು ರೌಂಡು ಅದೇ ಏಟು ತಿನ್ನುತ್ತ ನಿಂತ, ಹನ್ನೆರಡನೆಯದರಲ್ಲಿ ನಾಕೌಟ್ ಆದ. ಅಷ್ಟು ಹೊತ್ತು ನಿಂತದ್ದು ಛಲವಲ್ಲದೆ ಮತ್ತೇನು? ಆ ಛಲದಿಂದ ಸಿಕ್ಕಿದ್ದು ಇನ್ನಷ್ಟು ಏಟು. 1938ರ ಜೂನ್ 22ರಂದು ಅದೇ ಸ್ಟೇಡಿಯಂನಲ್ಲಿ ಮತ್ತೆ ಎದುರಾದಾಗ ಲೂಯಿಸ್ ಮೊದಲ ರೌಂಡಿನ 2 ನಿಮಿಷ 4 ಸೆಕೆಂಡಿಗೆ ಲೆಕ್ಕ ಮುಗಿಸಿದ.

ಹಾಗಾಗಿ ಜ್ಯಾಬಿನಲ್ಲಿ ಕಲಿಸಬೇಕಾದದ್ದು ಹೋಗುವ ಕೈಯನ್ನಲ್ಲ, ಬರುವ ಕೈಯನ್ನು. ಕೆನ್ನೆಯ ಎತ್ತರದಿಂದ ಹೊರಟ ಮುಷ್ಟಿ ಅದೇ ಗೆರೆಯಲ್ಲಿ ಕೆನ್ನೆಗೇ ಮರಳಬೇಕು. ಕೊನೆಯಲ್ಲಿ ಮುಷ್ಟಿ ತಿರುಗುವಾಗ ಭುಜ ಎದ್ದು ಗಲ್ಲವನ್ನು ಮುಚ್ಚಬೇಕು. ಮುಷ್ಟಿ ಬಿಗಿಯಾಗುವುದು ತಾಗುವ ಕ್ಷಣದಲ್ಲಿ ಮಾತ್ರ. ಮೂರು ನಿಮಿಷವೂ ಬಿಗಿಹಿಡಿದರೆ ಮುಂಗೈ ಸೋತು, ಭುಜ ಸೋತು, ಗಾರ್ಡ್ (ಮುಖ ಕಾಯುವ ಕೈಗಳು) ತಾನಾಗಿ ಇಳಿಯುತ್ತದೆ. ಪ್ರತಿ ಏಟಿಗೂ "ಸ್" ಎಂದು ಚಿಕ್ಕ ಉಸಿರು ಹೊರಗೆ. ಯಕ್ಷಗಾನದಲ್ಲಿ ಉಸಿರು ಕಟ್ಟಿ ದಿಗಿಣ (ಸುತ್ತು ಜಿಗಿತ) ಹಾಕಿದವನಿಗೆ ಆಮೇಲೆ ಅರ್ಥ (ಪಾತ್ರದ ಮಾತು) ಹೇಳಲು ಬಾಯಿ ಬರುವುದಿಲ್ಲ; ಇದೂ ಹಾಗೆಯೇ.

ಕಾಲಿನ ವಿಷಯ ಚುಟುಕಾಗಿ: ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಬರುವಾಗ ಹಿಂದಿನ ಕಾಲು ಮೊದಲು. ಎರಡೂ ಹತ್ತಿರ ಸೇರಿದ ಕ್ಷಣದಲ್ಲಿ ಸಣ್ಣ ಏಟೂ ಬೀಳಿಸುತ್ತದೆ, ರೆಫರಿ ಎಣಿಸಲು ಶುರು ಮಾಡುತ್ತಾನೆ.

ಅಂಜಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮುಖದ ಕಡೆ ಏನಾದರೂ ಬಂದರೆ ಕಣ್ಣು ಮುಚ್ಚಿಕೊಳ್ಳುವುದು ಶರೀರದ ಸಹಜ ಗುಣ. ಅದಕ್ಕೆ ಹುಡುಗನನ್ನು ಹೇಡಿ ಎನ್ನುವುದು, "ಧೈರ್ಯ ಬರಲಿ" ಎಂದು ಎರಡನೇ ವಾರಕ್ಕೇ ದೊಡ್ಡವರ ಎದುರು ಸ್ಪಾರಿಂಗಿಗೆ (ಅಭ್ಯಾಸದ ಗುದ್ದಾಟಕ್ಕೆ) ಬಿಡುವುದು, ಎರಡೂ ತಪ್ಪು. ಹಾಗೆ ಬಿಟ್ಟವನು ಕಣ್ಣು ಮುಚ್ಚಿ ತಲೆ ತಗ್ಗಿಸುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾನೆ. ಬದಲಿಗೆ ಜೊತೆಗಾರ ಕಾಲು ಭಾಗ ಜೋರಿನಲ್ಲಿ ಅವನ ಗ್ಲೌಸಿನ ಮೇಲೆ ಮಾತ್ರ ಜ್ಯಾಬ್ ಹಾಕಲಿ. 2 ನಿಮಿಷದ 3 ಸುತ್ತು, ಅವನು ತಿರುಗಿ ಹೊಡೆಯುವಂತಿಲ್ಲ, ದೃಷ್ಟಿ ಎದುರಿನವನ ಎದೆಯ ಮೇಲೆ. ಕೆಲವು ವಾರಗಳಲ್ಲಿ ರೆಪ್ಪೆ ನಿಲ್ಲುತ್ತದೆ. ಆಮೇಲೆ ಜ್ಯಾಬ್ ಮಾತ್ರದ ಸ್ಪಾರಿಂಗ್, ಅದಾದ ಮೇಲೆ ಹೊಟ್ಟೆ-ಪಕ್ಕೆಗೆ ಮಾತ್ರ, ಮೂರು ತಿಂಗಳು ಕಳೆದ ಮೇಲೆ 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್, ಮೌತ್‌ಗಾರ್ಡ್ ಹಾಕಿ ಪೂರ್ತಿ ಸ್ಪಾರಿಂಗ್.

ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಉಂಟು, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಗ್ಲೌಸಿನೊಳಗೆ ಕೈಗೆ ಸುತ್ತುವ ಒದ್ದೆ ಕೈಪಟ್ಟಿ. ಮಳೆಗಾಲದಲ್ಲಿ ನಿನ್ನೆ ಒಗೆದದ್ದು ಇಂದಿಗೆ ಒಣಗಿರುವುದಿಲ್ಲ. ಒದ್ದೆ ಪಟ್ಟಿ ಎರಡನೇ ರೌಂಡಿಗೆ ಸಡಿಲವಾಗಿ ಮಣಿಕಟ್ಟು ಅಲುಗಾಡುತ್ತದೆ, ಗುದ್ದಿದರೆ ನೋಯುತ್ತದೆ, ಹುಡುಗ ತನಗೇ ಗೊತ್ತಿಲ್ಲದೆ ಏಟು ತಡೆದು ಹಾಕುತ್ತಾನೆ. ನೋಡಿದವರು ಪುಕ್ಕಲ ಎನ್ನುತ್ತಾರೆ. 4.5 ಮೀಟರಿನ ಪಟ್ಟಿ ಎರಡು ಜೊತೆ ಇಟ್ಟುಕೊಳ್ಳಿ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು, ಬೆರಳ ಸಂದಿಗಳಲ್ಲಿ ಹಾಯಿಸಿ ಮತ್ತೆ ಮಣಿಕಟ್ಟಿಗೆ ಮುಗಿಸಿ. ಗ್ಲೌಸಿನೊಳಗೆ ಹಳೆ ಪೇಪರು ತುರುಕಿ ಗಾಳಿಗಿಡಿ, ಇಲ್ಲವಾದರೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಗ್ಯಾರಂಟಿ.

ದಮ್ಮಿಗೆ ಪಣಂಬೂರು ಕಡಲತೀರದ ಮರಳಿನಲ್ಲಿ ದಿನವೂ ಓಡಿಸುವ ಅಭ್ಯಾಸ ಹಲವರಿಗೆ ಇದೆ. ವಾರಕ್ಕೆ ಒಂದು ದಿನ ಸಾಕು. ಸಡಿಲ ಮರಳಿನಲ್ಲಿ ದಿನವೂ ಓಡಿದರೆ ಮೀನಖಂಡ, ಹಿಮ್ಮಡಿಯ ನರ ಹಿಡಿದುಕೊಳ್ಳುತ್ತವೆ. ಕದ್ರಿ ಗುಡ್ಡದ ಮೆಟ್ಟಿಲೋ, ಉಡುಪಿಯವರಿಗೆ ಮಣಿಪಾಲದ ಏರೋ ಇನ್ನೂ ಒಳ್ಳೆಯದು: 30 ಸೆಕೆಂಡು ಜೋರಾಗಿ ಹತ್ತಿ, ನಡೆದು ಇಳಿದು, ಹೀಗೆ 8 ಸಲ. ಅದರ ಜೊತೆ ವಾರಕ್ಕೆ ಎರಡು ದಿನ ಮಾತಾಡುತ್ತ ಓಡಬಹುದಾದಷ್ಟು ನಿಧಾನದ 40 ನಿಮಿಷದ ಓಟ; ರೌಂಡುಗಳ ನಡುವೆ ಎದೆಬಡಿತ ಬೇಗ ಇಳಿಯುವುದು ಈ ನಿಧಾನದ ಓಟದಿಂದಲೇ. ಇಲ್ಲಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ, ಮೈ ತಣಿಯುವುದೇ ಇಲ್ಲ. ಅಭ್ಯಾಸಕ್ಕೆ ಮೊದಲು, ಆಮೇಲೆ ತೂಕ ನೋಡಿ. 1 ಕಿಲೋ ಇಳಿದಿದ್ದರೆ ಸುಮಾರು 1 ಲೀಟರ್ ನೀರು ಹೋಗಿದೆ ಎಂದು ಲೆಕ್ಕ. ಉಪ್ಪು ಹಾಕಿದ ಗಂಜಿ ತಿಳಿಗಿಂತ ಒಳ್ಳೆಯ ಪಾನೀಯ ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ.

ಇನ್ನು ಛಲ. ಮೇರಿ ಕೋಮ್ 2018ರಲ್ಲಿ ದೆಹಲಿಯಲ್ಲಿ 35ನೇ ವಯಸ್ಸಿನಲ್ಲಿ 48 ಕಿಲೋ ವಿಭಾಗದ ಚಿನ್ನ ಗೆದ್ದು ಆರನೇ ಸಲ ವಿಶ್ವ ಚಾಂಪಿಯನ್ ಆದಾಗ ಎಲ್ಲರೂ ಹೊಗಳಿದ್ದು ಛಲವನ್ನೇ. ಆದರೆ ರಿಂಗಿನಲ್ಲಿ ನೋಡಿ: ಎಡಗೈಯವಳ ನಿಲುವು, ಒಳಗೆ ನುಗ್ಗಿ ಹೊಡೆದು ಎದುರಿನವಳ ಕೈ ಬರುವ ಮೊದಲೇ ಹೊರಗೆ. ಮಕ್ಕಳಾದ ಮೇಲೂ ಅದೇ ಹೆಜ್ಜೆಯನ್ನು ಮತ್ತೆ ಮತ್ತೆ ತಿದ್ದಿಕೊಂಡದ್ದರಲ್ಲಿ ಛಲ ಇದೆ. ಜುಲೈ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಐದೂವರೆಗೆ ಬಂದು, ಮೂರು ರೌಂಡು ಬರೇ ಜ್ಯಾಬ್ ಹಾಕಿ, ಪ್ರತಿ ಸಲವೂ ಕೈಯನ್ನು ಕೆನ್ನೆಗೆ ತರುವುದು ಮಹಾ ಬೇಸರದ ಕೆಲಸ. ಹಟಮಾರಿ ಹುಡುಗರಿಗೆ ಬ್ಯಾಗ್ ಗುದ್ದಲು ಖುಷಿ, ಇದಕ್ಕೆ ಮಾತ್ರ ಒಲ್ಲರು. ಆದ್ದರಿಂದ ಪೋಷಕರಿಗೆ ನನ್ನ ಮರುಪ್ರಶ್ನೆ: ನಿಮ್ಮ ಮಗ ಒಂದೇ ಕೆಲಸವನ್ನು 200 ಸಲ ಮಾಡ್ತಾನಾ?

ರಿಂಗಿನೊಳಗಿನ ಛಲಕ್ಕೆ ಹೊರಗಿನಿಂದ ಲಗಾಮು ಬೇಕು. 1975ರಲ್ಲಿ ಮನಿಲಾದಲ್ಲಿ ಅಲಿಯ ಎದುರು ಜೋ ಫ್ರೇಜಿಯರ್ ಹದಿನೈದನೇ ರೌಂಡಿಗೂ ಸಿದ್ಧನಿದ್ದ. ಕಣ್ಣು ಊದಿ ಏಟು ಕಾಣುತ್ತಿರಲಿಲ್ಲ, ಕೋಚ್ ಎಡ್ಡಿ ಫಚ್ ಹದಿನಾಲ್ಕಕ್ಕೇ ನಿಲ್ಲಿಸಿದ. 1982ರಲ್ಲಿ ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಹದಿನಾಲ್ಕನೇ ರೌಂಡಿನವರೆಗೆ ಬಿಟ್ಟುಕೊಡದೆ ಹೋರಾಡಿ ಬಿದ್ದ, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ವಿಶ್ವ ಪ್ರಶಸ್ತಿ ಪಂದ್ಯಗಳು 15ರಿಂದ 12 ರೌಂಡಿಗೆ ಇಳಿಯತೊಡಗಿದವು. ಹವ್ಯಾಸಿ ನಿಯಮದಲ್ಲಿ ತಲೆಗೆ ಏಟು ಬಿದ್ದು ನಾಕೌಟ್ ಆದವನಿಗೆ ಕನಿಷ್ಠ 30 ದಿನ ಪಂದ್ಯವೂ ಇಲ್ಲ, ಸ್ಪಾರಿಂಗೂ ಇಲ್ಲ. ಹಟದ ಹುಡುಗರು ತಲೆನೋವನ್ನು ಮುಚ್ಚಿಡುತ್ತಾರೆ. ಸ್ಪಾರಿಂಗ್ ಮುಗಿದ ಸಂಜೆ ಹುಡುಗ ಊಟ ಬೇಡ ಎಂದರೆ, ವಾಂತಿ ಮಾಡಿದರೆ, ಬೆಳಕು ಚುಚ್ಚುತ್ತದೆ ಎಂದರೆ ಅಮ್ಮಂದಿರು ಕೋಚಿಗೆ ಫೋನು ಮಾಡಿ ಕೂರಬಾರದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಪಂದ್ಯದ ದಿನ ಕಾರ್ನರಿನಲ್ಲಿ (ರೌಂಡುಗಳ ನಡುವೆ ಹುಡುಗ ಕೂರುವ ರಿಂಗಿನ ಮೂಲೆಯಲ್ಲಿ) ನಿಲ್ಲುವವರಿಗೆ ಒಂದು ಮಾತು. 1 ನಿಮಿಷದಲ್ಲಿ ಮೊದಲ 20 ಸೆಕೆಂಡು ಏನೂ ಮಾತಾಡಬೇಡಿ. ಮೌತ್‌ಗಾರ್ಡ್ ತೆಗೆಯಿರಿ, ಮೂಗಿನಿಂದ ಉದ್ದ ಉಸಿರು ಎಳೆಯಲಿ, ಕತ್ತಿನ ಹಿಂಬದಿಗೆ ತಣ್ಣೀರು, ಬಾಯಿಗೆ ಒಂದು ಗುಟುಕು. ಆಮೇಲೆ ಒಂದೇ ಒಂದು ಸೂಚನೆ, ಕೈಯೋ ಕಾಲೋ ಮಾಡಬಹುದಾದಂಥದ್ದು: "ಜ್ಯಾಬ್ ಹಾಕಿ ಎಡಕ್ಕೆ ಹೋಗು." "ಛಲ ತೋರ್ಸು" ಎಂದು ಕೂಗಿದರೆ ಅವನು ಗಾರ್ಡ್ ಬಿಟ್ಟು ಮುನ್ನುಗ್ಗುತ್ತಾನೆ. ಮೌತ್‌ಗಾರ್ಡ್ ವಾಪಸ್ ಹಾಕಿದ್ದೀರಾ ನೋಡಿ, ಸ್ಟೂಲು ಎತ್ತಿಕೊಂಡು ಇಳಿಯಿರಿ.